ಗಾಳಿಯಿಲ್ಲದ ಗ್ರಹದ ರಾಣಿ

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲೇಬೇಕಾಗಿದ್ದ ಜಾಗದಲ್ಲಿ, ಬರೆಯುವ ಪೆನ್ನು ನನ್ನ ಕೈಯಲ್ಲೇ ಇದ್ದಾಗ, ನಾನು ಬರೆಯಲಿಲ್ಲ. ಈಗ ಅವಳು ಹೋಗಿ ನಾಲ್ಕು ತಿಂಗಳಾದ ಮೇಲೆ ಹೆಸರು ಹಾಕಿ, ಹೊಗಳಿ, ನಾನು ಒಳ್ಳೆಯವಳಾಗುವುದು ಬೇಡ. ನಮ್ಮ ರೈಲಿನ ಹೆಂಗಸರೆಲ್ಲ ಅವಳನ್ನು ‘ರಾಣಿ’ ಎನ್ನುತ್ತಿದ್ದರು, ಅರ್ಧ ಗೇಲಿಗೆ, ಅರ್ಧ ಅಭ್ಯಾಸಕ್ಕೆ. ಇಲ್ಲಿಯೂ ಅಷ್ಟೇ ಇರಲಿ.

ನಾನು ಬಂಗಾರಪೇಟೆಯವಳು. ಕಾಮಸಮುದ್ರದ ರಸ್ತೆಯಲ್ಲಿ ಊರು ದಾಟಿದರೆ ನಮ್ಮ ಮನೆ, ಸ್ವಲ್ಪ ಹೊಲ, ಎರಡು ಸೀಮೆಹಸು. ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಳಾಗಿದ್ದೆ. ಬೆಳಿಗ್ಗೆ ಎದ್ದು ಹಾಲು ಕರೆದು, ಡೇರಿಗೆ ಹಾಕಿ, ಸೆಗಣಿ ವಾಸನೆ ಹೋಗುವ ತನಕ ಕೈ ಉಜ್ಜಿ, ಸೀರೆ ಸುತ್ತಿಕೊಂಡು ಸ್ಟೇಷನ್ನಿಗೆ ಓಡುವುದು. ರೈಲು ಕೆಜಿಎಫ್ ಕಡೆಯಿಂದ ಬರುತ್ತದೆ. ಅಲ್ಲಿ ಖಾಲಿ ಹೊರಟದ್ದು ಬಂಗಾರಪೇಟೆಗೆ ಬರುವ ಹೊತ್ತಿಗೆ ಕಾಲಿಡಲು ಜಾಗವಿಲ್ಲದಂತಾಗಿರುತ್ತದೆ. ಹಾಗಾಗಿ ತಿಂಗಳ ಪಾಸಿನವರಲ್ಲಿ ಒಂದು ಪದ್ಧತಿ ಇತ್ತು. ಅಲ್ಲಿ ಹತ್ತುವವರು ಬಂಗಾರಪೇಟೆಯಲ್ಲಿ ಹತ್ತುವ ತಮ್ಮ ಗುಂಪಿನವರಿಗೆ ದುಪಟ್ಟಾನೋ ಊಟದ ಡಬ್ಬಿಯನ್ನೋ ಇಟ್ಟು ಸೀಟು ಹಿಡಿಯಬೇಕು. ಅದಕ್ಕೆ ಬದಲಾಗಿ ಇಲ್ಲಿಂದ ಹತ್ತುವವರು ತಿಂಡಿ ತರಬೇಕು. ಹನ್ನೊಂದು ವರ್ಷ ನನಗೆ ಸೀಟು ಹಿಡಿದವಳು ಅವಳು.

ಮೊದಲ ದಿನ ನನ್ನ ಕಣ್ಣಿಗೆ ಬಿದ್ದದ್ದು ಅವಳ ಕಿವಿಯ ಹಿಂದಿನ ಬೆಳ್ಳಿ ಬಣ್ಣ. ಕುತ್ತಿಗೆಯವರೆಗೂ ಒಂದು ಗೆರೆ ಇಳಿದಿತ್ತು. ಕಬ್ಬಿಣದ ಗೇಟಿಗೆ ಬಳಿಯುತ್ತಾರಲ್ಲ, ಅಂಥ ಬಣ್ಣ.

“ಪೈಂಟಿಂಗ್ ಕೆಲ್ಸಕ್ಕೆ ಓಗ್ತೀಯೇನಮ್ಮ?” ಎಂದು ಕೇಳಿದೆ.

“ಇಲ್ಲಕ್ಕ. ನಾನು ಬೇರೆ ಗ್ರಹದಲ್ಲಿ ರಾಣಿ,” ಎಂದಳು. ನಗಲಿಲ್ಲ. ಸುತ್ತಲಿದ್ದ ಹೆಂಗಸರು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ನಕ್ಕರು. ಅವಳು ಕಿಟಕಿಯ ಕಡೆ ತಿರುಗಿ ಕುಳಿತಳು.

ಮಾತು ನಿಜವೇ. ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಮಕ್ಕಳಿಗಾಗಿ ಒಂದು ಧಾರಾವಾಹಿ ಬರುತ್ತಿತ್ತು. ನಾಲ್ಕು ಜನ ರಾಕೆಟ್ಟಿನಲ್ಲಿ ಹೋಗಿ ಗಾಳಿಯಿಲ್ಲದ ಒಂದು ಗ್ರಹದಲ್ಲಿ ಇಳಿಯುತ್ತಾರೆ. ಆ ಗ್ರಹಕ್ಕೆ ಲೋಹದ ಮುಖದ ಒಬ್ಬ ರಾಣಿ. ಆ ರಾಣಿ ಇವಳು. ಮೂರು ವರ್ಷ ಪ್ರತಿ ವಾರವೂ ಬಂದಳು. ಆದರೆ ಮುಖಕ್ಕೆ ಸದಾ ಮುಖವಾಡ. ದನಿಯೂ ಅವಳದಲ್ಲ; ಸ್ಟುಡಿಯೋದಲ್ಲಿ ಇನ್ನಾರೋ ಮಾತಾಡಿ, ಅದನ್ನು ಯಂತ್ರಕ್ಕೆ ಹಾಕಿ ಗರಗರ ಮಾಡುತ್ತಿದ್ದರು. ಕೊನೆಯಲ್ಲಿ ಹೆಸರುಗಳು ಬರುತ್ತವಲ್ಲ, ಅವು ಓಡುವ ವೇಗಕ್ಕೆ ನನ್ನಂಥ ಕಡತ ಓದುವವಳಿಗೇ ಸಿಗುತ್ತಿರಲಿಲ್ಲ. ಇನ್ನು ಅವಳ ಅಮ್ಮನಿಗೆ ಓದಲೇ ಬರುತ್ತಿರಲಿಲ್ಲ.

ಕೆಜಿಎಫ್‌ನಲ್ಲಿ ನಂದಿದುರ್ಗದ ಗಣಿ ಲೈನು, ಅಂದರೆ ಗಣಿ ಕೆಲಸದವರ ಸಾಲುಮನೆಗಳು, ಅಲ್ಲಿ ಅವಳ ಮನೆ. ಅಪ್ಪ ಗಣಿ ಮುಚ್ಚುವ ಮೊದಲೇ ಎದೆ ಕೆಟ್ಟು ತೀರಿಕೊಂಡಿದ್ದ. ಅಮ್ಮ, ಒಬ್ಬ ತಮ್ಮ. ವಯಸ್ಸಿಗೆ ಬಂದ ಹುಡುಗಿ ಕತ್ತಲಿರುವಾಗಲೇ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾಳೆ, ಮೈಮೇಲೆ ಬಣ್ಣದ ಗುರುತು ಹೊತ್ತು ವಾಪಸು ಬರುತ್ತಾಳೆ, ಕೇಳಿದರೆ ಟಿವಿಯಲ್ಲಿದ್ದೇನೆ ಅನ್ನುತ್ತಾಳೆ, ಟಿವಿಯಲ್ಲಿ ನೋಡಿದರೆ ಅವಳು ಕಾಣುವುದಿಲ್ಲ. ಲೈನಿನ ಜನ ಏನು ಆಡಿಕೊಂಡಿರಬಹುದು ಎನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಹೆತ್ತ ತಾಯಿಗೇ ಅನುಮಾನ.

“ಅಮ್ಮ ಏನಂತಾಳೆ ಗೊತ್ತಾಕ್ಕ?” ಎಂದು ಒಂದು ದಿನ ಇಡ್ಲಿ ತಿನ್ನುತ್ತ ಹೇಳಿದಳು. “‘ಮುಖಾನೇ ಕಾಣ್ದಿದ್ರೆ ಅದು ನೀನೇ ಅಂತ ನಾನ್ಯಾಕ್ ನಂಬ್ಲಿ? ಆ ತಗಡೊಳಗೆ ಯಾರಾನ ಇರ್ಬೋದು’ ಅಂತಾಳೆ.”

“ನೀನೇನಂದೆ?”

“ಒಂದಿನ ಮುಖ ಕಾಣ್ತೈತೆ, ಆವತ್ತು ನೋಡ್ಕ ಅಂದೆ. ಕೊನೇ ಕಂತಲ್ಲಿ ರಾಣಿ ಮುಖವಾಡ ತೆಗೀತಾಳಂತೆ. ಡೈರೆಕ್ಟ್ರು ಮಾತು ಕೊಟ್ಟವ್ರೆ.”

ಅಂದಿನಿಂದ ಅವಳ ಬದುಕೆಲ್ಲ ಆ ಒಂದು ಕಂತಿನ ಕಡೆ ಮುಖ ಮಾಡಿ ನಿಂತುಬಿಟ್ಟಿತು. ಬೇರೆ ಧಾರಾವಾಹಿಯಲ್ಲಿ ಅತ್ತೆ ಮನೆಯ ಕೆಲಸದವಳ ಪಾತ್ರಕ್ಕೆ ಕರೆದರೆ ಹೋಗಲಿಲ್ಲ. “ರಾಣಿ ಮುಖ ಮೊದ್ಲು ಕಾಣ್ಬೇಕು. ಅದಕ್ ಮುಂಚೆ ಪಾತ್ರೆ ತೊಳೆಯೋಳಾಗಿ ಕಂಡ್ರೆ ಚೆನ್ನಾಗಿರಲ್ಲ,” ಎಂದಳು. ನನಗೆ ಮೈ ಉರಿಯಿತು. ಇವಳಿಗೆ ಜಂಬ ಎಂದುಕೊಂಡೆ. ಜಂಬ ಇದ್ದದ್ದೂ ನಿಜ. ಯಾರ ಡಬ್ಬಿಯಿಂದಲೂ ಅರ್ಧ ತಿಂದದ್ದನ್ನು ಮುಟ್ಟುತ್ತಿರಲಿಲ್ಲ. ತನ್ನ ಧಾರಾವಾಹಿಯನ್ನು ಯಾರಾದರೂ ‘ಸೀರಿಯಲ್’ ಎಂದರೆ, “ಸೀರಿಯಲ್ ಅಲ್ಲ, ವಿಜ್ಞಾನದ್ದು” ಎಂದು ತಿದ್ದುತ್ತಿದ್ದಳು. ಸುಳ್ಳೂ ಹೇಳುತ್ತಿದ್ದಳು. ದೊಡ್ಡ ನಟರೊಬ್ಬರು ಸೆಟ್ಟಿಗೆ ಬಂದು ತನ್ನ ಕೈ ಕುಲುಕಿದರು ಎಂದು ಒಂದು ಸಲ ಹೇಳಿದಳು. ಅವರು ಆ ವಾರವೆಲ್ಲ ಆಸ್ಪತ್ರೆಯಲ್ಲಿದ್ದರೆಂದು ಪೇಪರಿನಲ್ಲಿ ಬಂದಿತ್ತು. ನಾನು ಪೇಪರನ್ನು ಅವಳ ಮುಂದೆಯೇ ಬಿಡಿಸಿದೆ. ಅವಳು ಓದಿ, ಮಡಚಿ, ವಾಪಸು ಕೊಟ್ಟಳು.

ಆದರೆ ಕೆಲಸದ ವಿಷಯಕ್ಕೆ ಬಂದರೆ ಅವಳದು ಬೇರೆಯೇ ರೀತಿ. ರಾಣಿಗೆ ನೆಲ ಮುಟ್ಟುವ ಒಂದು ಮೇಲಂಗಿ ಇತ್ತು. ಅದು ಹಾರಾಡಿದರೆ ಚೆನ್ನಾಗಿ ಕಾಣುತ್ತದೆಂದು ಪಕ್ಕದಲ್ಲಿ ದೊಡ್ಡ ಫ್ಯಾನು ಇಡುತ್ತಿದ್ದರು. ಇವಳು ಹೋಗಿ ಡೈರೆಕ್ಟರನ್ನು ಕೇಳಿದಳಂತೆ, ಈ ಗ್ರಹದಲ್ಲಿ ಗಾಳಿಯೇ ಇಲ್ಲ ಅಂದಮೇಲೆ ಬಟ್ಟೆ ಹೇಗೆ ಹಾರುತ್ತದೆ ಸಾರ್ ಎಂದು. ದನಿಯೇ ಬೇರೆಯವರದಾದವಳಿಗೆ ಇಷ್ಟು ಮಾತು ಯಾಕೆ ಎಂದು ಅವರು ರೇಗಿದರಂತೆ. ಫ್ಯಾನು ನಿಲ್ಲಿಸಲಿಲ್ಲ. ಇವಳು ಮೇಲಂಗಿಯ ಎರಡು ತುದಿಗಳನ್ನೂ ಹಿಮ್ಮಡಿಯಲ್ಲಿ ಮೆಟ್ಟಿಕೊಂಡು ನಿಂತಳು. ಆ ವಾರ ನಾನು ನೋಡಿದೆ. ರಾಕೆಟ್ಟಿನಿಂದ ಇಳಿದವರ ಬಟ್ಟೆ, ಕೂದಲು, ಗಿಡದ ಎಲೆ ಎಲ್ಲವೂ ಆಡುತ್ತಿದ್ದವು. ಅವಳೊಬ್ಬಳು ಅಲ್ಲಾಡದೆ ನಿಂತಿದ್ದಳು. ಆ ಗ್ರಹದಲ್ಲಿ ನಿಜವಾಗಿ ಇದ್ದವಳು ಅವಳೊಬ್ಬಳೇ ಅನ್ನಿಸಿತು. ಇದನ್ನು ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಇನ್ನೂ ತಲೆ ತಿರುಗೀತು ಎಂದುಕೊಂಡೆ.

ಮುಖವೂ ಇಲ್ಲದೆ, ದನಿಯೂ ಇಲ್ಲದೆ ಅದು ಹೇಗಮ್ಮ ಆ್ಯಕ್ಟ್ ಮಾಡುತ್ತೀಯ ಎಂದು ಕೇಳಿದ್ದೆ. ಅವಳು ಹೇಳಿದ್ದು ನನಗೆ ಇಂದಿಗೂ ಹಾಗೇ ನೆನಪಿದೆ.

“ಚಿಕ್ಕೋಳಿದ್ದಾಗ ಶಿಫ್ಟು ಬಿಡೋ ಟೈಮಿಗೆ ಅಪ್ಪನ್ನ ಕರ್ಕೊಂಡ್ ಬರಕ್ ಓಗ್ತಿದ್ದೆ ಅಕ್ಕ. ಗಣಿಯಿಂದ ಮೇಲೆ ಬರೋರ್ದೆಲ್ಲ ಒಂದೇ ಮುಖ, ಬೂದಿ ಬಳ್ದಂಗೆ. ತಲೆ ಮೇಲೆ ಒಂದೇ ತರ ಟೋಪಿ. ನೂರು ಜನದಾಗೆ ನಾನು ಅಪ್ಪನ್ನ ಭುಜದಾಗೆ ಗುರ್ತು ಇಡೀತಿದ್ದೆ. ಎಡಗಡೆ ಭುಜ ಒಸಿ ಇಳಿಬಿಟ್ಕೊಂಡು ಬರ್ತಿದ್ದ. ಸಿಟ್ ಬಂದಿದ್ರೆ ಅದು ಇನ್ನಾ ಇಳೀತಿತ್ತು. ಮುಖ ಯಾಕ್ ಬೇಕು?”

“ಮತ್ಯಾಕೆ ಮುಖ ಕಾಣ್ಬೇಕು ಅಂತ ಕುಣೀತೀಯ?”

“ನಂಗಲ್ಲಕ್ಕ. ನೋಡೋರಿಗೆ ಬೇಕಲ್ಲ.”

ಕೊನೆಯ ಕಂತಿನ ಶೂಟಿಂಗನ್ನು ಕೆಜಿಎಫ್‌ನಲ್ಲೇ ಮಾಡಿದರು. ಗಣಿಯ ಮಣ್ಣು ಅರೆದು ಚಿನ್ನ ತೆಗೆದ ಮೇಲೆ ಉಳಿದದ್ದನ್ನು ಸುರಿದ ಗುಡ್ಡಗಳಿವೆಯಲ್ಲ, ಊರವರು ಸೈನೈಡ್ ಗುಡ್ಡ ಎನ್ನುತ್ತಾರೆ, ಅದರ ಮೇಲೆ. ಹುಲ್ಲು ಹುಟ್ಟದ ಬಿಳಿಚು ಮಣ್ಣು. ಬೇರೆ ಗ್ರಹಕ್ಕೆ ಅದಕ್ಕಿಂತ ಬೇರೆ ಜಾಗ ಬೇಕಿರಲಿಲ್ಲ. ರಜೆಯ ದಿನವಾದ್ದರಿಂದ ನಾನೂ ಹೋದೆ. ನಂದಿದುರ್ಗದ ಲೈನಿಗೆ ಲೈನೇ ಬಂದಿತ್ತು. ಅವಳು ಅಮ್ಮನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಬಿಸಿಲಿಗೆ ಕೊಡೆ ಕೊಟ್ಟು ಕೂರಿಸಿದ್ದಳು. ಮಧ್ಯಾಹ್ನದ ಹೊತ್ತಿಗೆ ಆ ದೃಶ್ಯ ಬಂತು. ರಾಣಿ ಗುಡ್ಡದ ತುದಿಗೆ ನಡೆದು ಬಂದು, ಎರಡೂ ಕೈಯಿಂದ ಮುಖವಾಡ ಎತ್ತಿದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಅಳುತ್ತಿದ್ದಳೋ ಬೆವರೋ ನನಗೆ ಗೊತ್ತಾಗಲಿಲ್ಲ. ಅಮ್ಮ ಕೊಡೆಯನ್ನು ಮಡಚಿ ಎದ್ದು ನಿಂತು ನೋಡಿದಳು. ಫೋನಿನಲ್ಲಿ ಫೋಟೋ ಹಿಡಿಯುವ ಕಾಲ ಅದಲ್ಲ. ಶೂಟಿಂಗ್ ಕಂಪನಿಯವರು ಬೇರೆ ಯಾರಿಗೂ ಕ್ಯಾಮೆರಾ ತರಲು ಬಿಟ್ಟಿರಲಿಲ್ಲ.

ಅದಾಗಿ ಎರಡು ತಿಂಗಳು ಅವಳನ್ನು ಹಿಡಿಯುವವರಿರಲಿಲ್ಲ. ರೈಲಿನಲ್ಲಿ ತಾನೇ ಎಲ್ಲರಿಗೂ ತಿಂಡಿ ತಂದಳು. ನನ್ನ ಡಬ್ಬಿಗೂ ಕೈ ಹಾಕಿದಳು.

ಆ ಭಾನುವಾರ ನಾನು ಹಸುಗಳಿಗೆ ಹುಲ್ಲು ಹಾಕಿ ಬಂದು ಟಿವಿ ಮುಂದೆ ಕೂತೆ. ಸೈನೈಡ್ ಗುಡ್ಡ ಬಂತು. ರಾಣಿ ನಡೆದು ಬಂದಳು. ಅವಳದೇ ನಡಿಗೆ, ಅವಳದೇ ಕೈ. ಮುಖವಾಡ ಮೇಲೆದ್ದಿತು. ಕೆಳಗೆ ಇದ್ದದ್ದು ಬೇರೆ ಮುಖ. ಆಗ ಹೆಸರು ಮಾಡುತ್ತಿದ್ದ ಒಬ್ಬ ಸಿನಿಮಾ ನಟಿಯದು. ತುಟಿಗೆ ಬಣ್ಣ, ಕಣ್ಣಿಗೆ ಕಾಡಿಗೆ, ಒಂದು ಹನಿ ಬೆವರಿಲ್ಲ. ಆ ಮುಖವನ್ನು ಬೆಂಗಳೂರಿನ ಸ್ಟುಡಿಯೋದಲ್ಲಿ ಬೇರೆ ತೆಗೆದು ಸೇರಿಸಿದ್ದರು. ನೋಡುವವರ ಸಂಖ್ಯೆ ಹೆಚ್ಚಲಿ ಎಂದು ಹಾಗೆ ಮಾಡಿದರು ಎಂದು ಆಮೇಲೆ ತಿಳಿಯಿತು. ಅವಳಿಗೆ ಒಂದು ಮಾತು ಹೇಳಿರಲಿಲ್ಲ.

ಸೋಮವಾರ ಅವಳು ಬಂದಿದ್ದಳು. ಎಂದಿನಂತೆ ದುಪಟ್ಟಾ ಹಾಸಿ ಸೀಟು ಹಿಡಿದಿದ್ದಳು. ನಾನು ಏನು ಹೇಳಲಿ? “ಇವ್ರ್ ವಂಶ ಆಳಾಗ” ಎಂದೆ. ಅವಳು ದುಪಟ್ಟಾ ಮಡಚುತ್ತ, “ಲೈನಲ್ಲಿ ಎಲ್ರೂ ನನ್ನ ಡೂಪು ಅಂತವ್ರೆ ಅಕ್ಕ,” ಎಂದಳು. “ಗುಡ್ಡದಾಗೆ ಕಣ್ಣಾರೆ ನೋಡ್ದೋರೇ ಅಂತವ್ರೆ. ಅಸಲಿ ರಾಣಿ ಆಯಮ್ಮನೇ ಅಂತೆ, ನಾನು ಬಿಸ್ಲಲ್ಲಿ ನಿಂತ್ಕಳಕ್ ಇಟ್ಕೊಂಡಿದ್ದ ಡೂಪು ಅಂತೆ.”

ಕಣ್ಣಿನಿಂದ ಕಂಡದ್ದಕ್ಕಿಂತ ಟಿವಿಯಲ್ಲಿ ಕಂಡದ್ದನ್ನೇ ಜನ ನಂಬಿದರು. ಮೂರು ವರ್ಷದ ದುಡಿಮೆಯನ್ನು ಅರ್ಧ ನಿಮಿಷ ತಿಂದುಹಾಕಿತು. ಅಮ್ಮ ಮಾತ್ರ ಟಿವಿಗೆ ಬಟ್ಟೆ ಮುಚ್ಚಿ ಅಡುಗೆಗೆ ಎದ್ದು ಹೋದಳಂತೆ.

ಆಮೇಲೆ ಅವಳು ಗಾರ್ಮೆಂಟ್ಸಿಗೆ ಸೇರಿದಳು. ಅಂಗಿಯ ಕಾಲರು ಹೊಲಿಯುವುದು. ಅದೇ ರೈಲು, ಅದೇ ಸೀಟು. ಆಗಾಗ ಯಾವುದೋ ಧಾರಾವಾಹಿಯಲ್ಲಿ ಸಾವಿನ ಮನೆಯ ಗುಂಪಿನಲ್ಲಿ ಅಳುವವಳಾಗಿ ಕರೆಯುತ್ತಿದ್ದರು, ಹೋಗುತ್ತಿದ್ದಳು. ಆಂಡರ್ಸನ್‌ಪೇಟೆಯ ಒಂದು ಸಣ್ಣ ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ನಾಟಕ ಹೇಳಿಕೊಡುತ್ತಿದ್ದಳು. ಒಂದು ಸಲ ನನ್ನನ್ನು ಕರೆದುಕೊಂಡು ಹೋದಳು. ರಟ್ಟಿನ ಡಬ್ಬಿ ತಲೆಗೆ ಹಾಕಿಕೊಂಡ ಹತ್ತು ಮಕ್ಕಳು. ಪಕ್ಕದಲ್ಲಿ ಕುಳಿತ ತಾಯಂದಿರು ತಮ್ಮ ತಮ್ಮ ಮಗುವನ್ನು ಗುರುತು ಹಿಡಿದು ಕೈ ಬೀಸಿದರು, ಒಬ್ಬಳೂ ತಪ್ಪಲಿಲ್ಲ. ಅವಳು ನನ್ನ ಕಡೆ ನೋಡಿ ಸ್ವಲ್ಪ ನಕ್ಕಳು. ಆ ನಗು ನನಗೆ ಆಗ ಅರ್ಥವಾಯಿತು ಎಂದುಕೊಂಡಿದ್ದೆ.

ಈಗ ನಾನು ಮಾಡಿದ್ದನ್ನು ಹೇಳಬೇಕು.

ನಾನಿದ್ದ ಇಲಾಖೆಯಿಂದ ಕಲಾವಿದರಿಗೆ ಗುರುತಿನ ಚೀಟಿ ಕೊಡುತ್ತಿದ್ದರು. ಅದರಿಂದ ಆಗಬೇಕಾದ್ದು ಹೆಚ್ಚೇನಿಲ್ಲ. ಆದರೆ ಅವಳಿಗೆ ಅದರ ಸುದ್ದಿ ಹೇಗೋ ಸಿಕ್ಕಿತು.

“ಅಕ್ಕ, ಆ ಚೀಟೀಲಿ ಏನಂತ ಬರ್ದಿರ್ತೈತೆ?”

“ಹೆಸ್ರು, ವಿಳಾಸ, ಫೋಟೋ. ಕೆಳ್ಗಡೆ ‘ಕಲಾವಿದೆ’ ಅಂತ ಇರ್ತದೆ. ಸೀಲು.”

“ಸರ್ಕಾರದ್ ಸೀಲಾ?”

“ಊಂ.”

“ನಂಗೊಂದು ಕೊಡ್ಸಕ್ಕ. ಏನೂ ಬ್ಯಾಡ, ಆ ಚೀಟಿ ಒಂದು ಸಾಕು. ಅಮ್ಮನ ಕೈಗೆ ಕೊಡ್ಬೇಕು. ಲೈನಲ್ಲಿ ಯಾರಾನ ಕೇಳಿದ್ರೆ ತೋರುಸ್ಲಿ.”

“ಅರ್ಜಿ ಆಕು, ನೋಡಾಣ,” ಎಂದೆ.

ಅರ್ಜಿ ನನ್ನ ಮೇಜಿಗೇ ಬಂತು. ಜೊತೆಗೆ ಮೂರು ಫೋಟೋ. ಮೂರರಲ್ಲೂ ಲೋಹದ ಮುಖ. ಪಾತ್ರದಲ್ಲಿ ಮುಖ ಗುರುತಾಗುವ ಫೋಟೋ ಇರಬೇಕು, ಇಲ್ಲವೇ ನಿರ್ಮಾಪಕರ ಪತ್ರ ಇರಬೇಕು ಎನ್ನುವುದು ನಿಯಮ. ಆ ನಿರ್ಮಾಪಕ ಕಂಪನಿ ಮುಚ್ಚಿ ವರ್ಷಗಳಾಗಿದ್ದವು. ಆದರೆ ಬಲ್ಲವರು ಯಾರಾದರೂ ‘ಇವರು ನನಗೆ ಗೊತ್ತು, ಇವರು ಕಲಾವಿದರು ಹೌದು’ ಎಂದು ಬರೆದು ಸಹಿ ಹಾಕಿದರೆ ನಡೆಯುತ್ತಿತ್ತು. ನಮ್ಮ ಆಫೀಸಿನಲ್ಲಿ ಎಷ್ಟೋ ಜನ ತಮ್ಮ ಬೀಗರಿಗೆ, ಬೀಗರ ಬೀಗರಿಗೆ ಹಾಗೆ ಬರೆದುಕೊಟ್ಟದ್ದನ್ನು ನಾನೇ ಕಡತಕ್ಕೆ ಸೇರಿಸಿದ್ದೇನೆ. ಸೈನೈಡ್ ಗುಡ್ಡದ ಮೇಲೆ ಮುಖವಾಡ ಎತ್ತಿದ್ದನ್ನು ಈ ಎರಡು ಕಣ್ಣಿನಿಂದ ನೋಡಿದವಳು ನಾನು. ಒಂದು ಸಾಲು ಬರೆದು ಸಹಿ ಹಾಕಿದ್ದರೆ ಮುಗಿದಿತ್ತು.

ನಾನು ಲೆಕ್ಕ ಹಾಕಿದ್ದು ಬೇರೆ. ನಮ್ಮ ಊರಿನ ಕಡೆಯವಳು, ದಿನಾ ಜೊತೆಯಲ್ಲಿ ರೈಲಿನಲ್ಲಿ ಬರುವವಳು, ಇವಳಿಗೆ ನಾನು ಸಹಿ ಹಾಕಿದರೆ ಆಫೀಸಿನಲ್ಲಿ ಯಾರಾದರೂ ಏನಾದರೂ ಅಂದಾರು. ಆ ವರ್ಷ ನನ್ನ ಬಡ್ತಿ ಬೇರೆ ಇತ್ತು. ಅದಕ್ಕಿಂತ ಮೇಲೆ ಒಂದು ಗುಮಾಸ್ತರ ಬುದ್ಧಿ: ಆಕ್ಷೇಪಣೆಯನ್ನು ನಾನೇ ಮೊದಲು ಬರೆದುಬಿಟ್ಟರೆ ಮೇಲಿನವರು ಬೇರೆ ಆಕ್ಷೇಪಣೆ ಹುಡುಕುವುದಿಲ್ಲ, ಅದೊಂದಕ್ಕೆ ಉತ್ತರ ಕೊಟ್ಟರೆ ಕಡತ ಸಲೀಸಾಗಿ ಹೋಗುತ್ತದೆ. ಮೂವತ್ತು ವರ್ಷ ಇದೇ ಜಾಣತನದಲ್ಲಿ ಕೆಲಸ ಮಾಡಿದವಳು ನಾನು. ದುಂಡಗೆ ಬರೆದೆ: ‘ಸಲ್ಲಿಸಿರುವ ಭಾವಚಿತ್ರಗಳಲ್ಲಿ ಅರ್ಜಿದಾರರ ಮುಖವನ್ನು ಗುರುತಿಸಲು ಸಾಧ್ಯವಿರುವುದಿಲ್ಲ.’ ಕೆಳಗೆ ನನ್ನ ಕಿರುಸಹಿ.

ಮೇಲಿನವರು ಬೇರೆ ಆಕ್ಷೇಪಣೆ ಹುಡುಕಲಿಲ್ಲ, ನಿಜ. ಅದೇ ಸಾಲಿನ ಕೆಳಗೆ ‘ತಿರಸ್ಕರಿಸಿದೆ’ ಎಂದು ಬರೆದರು.

ರೈಲಿನಲ್ಲಿ ನಾನು ಬಾಯಿ ಬಿಡಲಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎಂದು ವಾರಗಳು ಹೋದವು. ಕೊನೆಗೆ ಅವಳೇ ಒಂದು ದಿನ ಗಾರ್ಮೆಂಟ್ಸಿಗೆ ರಜೆ ಹಾಕಿ ಆಫೀಸಿಗೆ ಬಂದಳು. ನಾನು ಆಗ ಊಟಕ್ಕೆ ಹೋಗಿದ್ದೆ. ಪಕ್ಕದ ಮೇಜಿನವರು ಕಡತ ತೆಗೆದು ತೋರಿಸಿದರಂತೆ. ನಿಂತುಕೊಂಡು ಪೂರ್ತಿ ಓದಿದಳಂತೆ.

ಮರುದಿನ ನಾನು ರೈಲು ತಪ್ಪಿಸಬೇಕೆಂದುಕೊಂಡೆ. ತಪ್ಪಿಸಲಿಲ್ಲ. ಅವಳು ನನ್ನ ಜಾಗದಿಂದ ದುಪಟ್ಟಾ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಸರಿದು ಕುಳಿತಳು. ಮಾಲೂರು ದಾಟಿದ ಮೇಲೆ ನನ್ನ ಕಡೆ ತಿರುಗದೆ ಹೇಳಿದಳು: “ನಿನ್ ಅಕ್ಷರ ಚೆನ್ನಾಗೈತಕ್ಕ. ದುಂಡುಗೆ.”

ಬೈದಿದ್ದರೆ ನಾನು ತಿರುಗಿ ಬೈದು ನಿಯಮ ಹೇಳುತ್ತಿದ್ದೆ. ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಅದಾದ ಮೇಲೂ ನಾಲ್ಕು ವರ್ಷ ನನಗೆ ಸೀಟು ಹಿಡಿದಳು. ನನಗೆ ಬಡ್ತಿ ಸಿಕ್ಕಿತು. ನಾನು ತಂದ ಇಡ್ಲಿ ತಿಂದಳು, ಮಳೆ ಬೆಳೆ ಮಾತಾಡಿದಳು, ನಮ್ಮ ಹಸು ಕರು ಹಾಕಿದಾಗ ಗಿಣ್ಣು ಕೇಳಿ ತರಿಸಿಕೊಂಡಳು. ನಟನೆಯ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ. ಆ ನಾಲ್ಕು ವರ್ಷ ಅವಳು ನನ್ನ ಪಕ್ಕದಲ್ಲಿ ಕುಳಿತು ಮಾಡಿದ್ದೇ ಅವಳ ದೊಡ್ಡ ಪಾತ್ರವಿರಬೇಕು. ನನಗೆ ಅಷ್ಟು ದಿನ ಅವಳ ಮನಸ್ಸು ಒಂದು ಚೂರೂ ಕಾಣಲಿಲ್ಲ.

ನಾನು ನಿವೃತ್ತಳಾದ ಮೇಲೆ ಭೇಟಿ ಕಡಿಮೆಯಾಯಿತು. ಬೆರಳಿಗೆ ಸೂಜಿ ಹೊಕ್ಕು ಅವಳು ಗಾರ್ಮೆಂಟ್ಸ್ ಬಿಟ್ಟಳು ಎಂದು ಕೇಳಿದೆ. ಅಮ್ಮ ತೀರಿಕೊಂಡಳೆಂದು ಕೇಳಿದೆ. ಹೋಗಿ ಮಾತಾಡಿಸಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಈ ವರ್ಷ ಜ್ವರ ಬಂದು ಎದೆಗೆ ಇಳಿದು ಅವಳೂ ಹೋದಳು. ಐವತ್ತು ಕೂಡ ತುಂಬಿರಲಿಲ್ಲ.

ಅವಳ ತಮ್ಮ ಫೋನು ಮಾಡಿದ. “ಮರಣ ಪತ್ರ ಮಾಡುಸ್ಬೇಕು ಅಕ್ಕ. ಅಕ್ಕಯ್ಯ ಯಾವಾಗ್ಲೂ ನಿಮ್ಮ ಎಸ್ರೇ ಏಳ್ತಿದ್ಲು. ಆಫೀಸಲ್ಲಿದ್ದೋರು ನೀವು, ಒಂದ್ ಗಳಿಗೆ ಬತ್ತೀರಾ?”

ಹೋದೆ. ನೋಂದಣಿ ಕಚೇರಿಯ ಕಿಟಕಿಯ ಆಚೆ ಒಬ್ಬ ಕಂಪ್ಯೂಟರಿನ ಮುಂದೆ ಕುಳಿತು ಒಂದೊಂದೇ ಕೇಳುತ್ತ ತುಂಬುತ್ತಿದ್ದ. ಹೆಸರು, ತಂದೆಯ ಹೆಸರು, ವಿಳಾಸ. ತಮ್ಮ ಹೇಳುತ್ತ ಹೋದ.

“ಉದ್ಯೋಗ?”

ತಮ್ಮ ನನ್ನ ಮುಖ ನೋಡಿದ.

“ಕಲಾವಿದೆ ಅಂತ ಬರ್ಕೊಳ್ಳಿ. ಟಿವಿ ಕಲಾವಿದೆ,” ಎಂದೆ.

ಅವನ ಕೈ ನಿಂತಿತು. “ಅದಕ್ಕೆ ಕಾರ್ಡು ಏನಾನ ಐತಾ ಮೇಡಂ?”

“ಇಲ್ಲ. ನಾನು ನೋಡಿದೀನಿ. ಎಲ್ಲಿ ಬೇಕಾದ್ರೂ ಬರ್ದು ಕೊಡ್ತೀನಿ.”

“ನೀವ್ ನೋಡಿದ್ರೆ ಆಗಲ್ಲ ಮೇಡಂ. ಮೇಲಿನೋರು ಕೇಳ್ತಾರೆ.” ಅವನು ಒರಟಾಗಿ ಹೇಳಲಿಲ್ಲ. ನಾನು ಮೂವತ್ತು ವರ್ಷ ಹೇಗೆ ಹೇಳುತ್ತಿದ್ದೆನೋ ಹಾಗೆಯೇ, ಮೃದುವಾಗಿ ಹೇಳಿದ. “ಈಚೆಗೆ ಕೆಲ್ಸಕ್ಕೆ ಎಲ್ಲಿಗಾನ ಓಗ್ತಿದ್ರಾ?”

“ಇಲ್ಲ, ಮನೇಲೇ ಇದ್ಲು,” ಎಂದ ತಮ್ಮ.

“ಸರಿ, ಗೃಹಿಣಿ ಅಂತ ಆಕ್ತೀನಿ.”

ಮದುವೆಯನ್ನೇ ಆಗದ ಅವಳು ಗೃಹಿಣಿ ಎಂದು ದಾಖಲಾದಳು. ಅದಕ್ಕೆ ಮಾತ್ರ ಯಾರೂ ಸಾಕ್ಷಿ ಕೇಳಲಿಲ್ಲ.